ಜೀವಕೋಶದ ಹೊಸ್ತಿಲು

ರಾಮನವಮಿಯ ದಿನ ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ನಡೆದುಹೋಗುವವರಿಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳ ಸತ್ಕಾರ ತಪ್ಪುವುದಿಲ್ಲ. ಚಪ್ಪರದ ಮರೆಯಲ್ಲಿ ಕೋಸಂಬರಿಯನ್ನು ಕಲಸುವವರನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಕಂಡುಬರುತ್ತದೆ. ನೆನೆದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ಒಗ್ಗರಣೆ ಇವೆಲ್ಲವೂ ಮುಂಚಿತವಾಗಿಯೇ ಸಿದ್ಧವಾಗಿರುತ್ತವೆ. ಉಪ್ಪು ಮಾತ್ರ ದೊನ್ನೆಗೆ ತುಂಬುವುದಕ್ಕೆ ಸ್ವಲ್ಪ ಮೊದಲು ಬೀಳುತ್ತದೆ. ಆತುರಪಟ್ಟು ಮೊದಲೇ ಬೆರೆಸಿದರೆ ಅರ್ಧ ಗಂಟೆಯೊಳಗೆ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ, ಸೌತೆಯ ಹೋಳುಗಳು ಸೊರಗುತ್ತವೆ. ‘ನೀರು ಬಿಟ್ಟುಕೊಂಡಿತು’ ಎಂದು ಅಡಿಗೆಯವರು ಹೇಳುತ್ತಾರೆ. ಆ ನೀರನ್ನು ಯಾರೂ ಹೊರಗಿನಿಂದ ಹೊಯ್ದದ್ದಲ್ಲ. ಅದು ಸೌತೆಕಾಯಿಯ ಜೀವಕೋಶಗಳ ಒಳಗಿನಿಂದ ಬಂದದ್ದು. ಉಪ್ಪು ಕೋಶದೊಳಕ್ಕೆ ಹೋಗುವುದರ ಬದಲು ನೀರೇ ಹೊರಕ್ಕೆ ಬಂದದ್ದು ಏಕೆ? ಈ ಸಣ್ಣ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ದೇಹದ ವ್ಯವಹಾರದ ಬಹುಭಾಗ ಅರ್ಥವಾಗುತ್ತದೆ. ಮನೆಯಲ್ಲಿ ಮಗುವೊಂದು ವಾಂತಿಭೇದಿಯಿಂದ ಬಳಲುತ್ತಿರುವಾಗ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಮೊದಲು ಒಂದು ಪ್ರಯೋಗವನ್ನು ಮಾಡೋಣ. ಒಂದು ಹಸಿ ಆಲೂಗೆಡ್ಡೆಯಿಂದ ಬೆರಳಿನಷ್ಟು ದಪ್ಪದ, ಐದು ಸೆಂಟಿಮೀಟರ್ ಉದ್ದದ ಎರಡು ಹೋಳುಗಳನ್ನು ಕತ್ತರಿಸಬೇಕು. ಒಂದನ್ನು ಬರಿಯ ನೀರಿರುವ ಲೋಟದಲ್ಲಿಯೂ ಇನ್ನೊಂದನ್ನು ಎರಡು ಚಮಚೆ ಉಪ್ಪು ಕದಡಿದ ನೀರಿನಲ್ಲಿಯೂ ಮುಳುಗಿಸಿ, ಒಂದು ಗಂಟೆಯ ಮೇಲೆ ತೆಗೆದು ನೋಡಬೇಕು. ಬರಿಯ ನೀರಿನ ಹೋಳು ಬಿಗಿಯಾಗಿ, ಮುಟ್ಟಿದರೆ ಗರಿಗರಿಯಾಗಿರುತ್ತದೆ. ಉಪ್ಪುನೀರಿನದು ಮೆತ್ತಗಾಗಿ, ಅಳೆದರೆ ಗಿಡ್ಡವೂ ಆಗಿರುತ್ತದೆ. ಇಷ್ಟಕ್ಕೇ ನಿಲ್ಲಿಸದೆ, ಚೆನ್ನಾಗಿ ಬೇಯಿಸಿದ ಆಲೂಗೆಡ್ಡೆಯ ಹೋಳುಗಳಿಂದಲೂ ಇದೇ ಪ್ರಯೋಗವನ್ನು ಮಾಡಿ ನೋಡುವುದು ಒಳ್ಳೆಯದು. ಅವುಗಳಲ್ಲಿ ಇಂಥ ವ್ಯತ್ಯಾಸ ಕಾಣುವುದಿಲ್ಲ. ಹಸಿಯದರಲ್ಲಿ ಇದ್ದು ಬೆಂದದ್ದರಲ್ಲಿ ಇಲ್ಲದ ವಸ್ತು ಯಾವುದೋ ಇರಬೇಕಷ್ಟೆ. ಅದೇ ಕೋಶದ ಸುತ್ತಲಿನ ಪೊರೆ. ಬೇಯುವಾಗ ಅದು ಹರಿದುಹೋಗುತ್ತದೆ.

ಈ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ತಡೆಯುತ್ತದೆ. ಇಂಥ ಪೊರೆಯ ಎರಡು ಪಕ್ಕಗಳಲ್ಲಿ ಬೇರೆ ಬೇರೆ ಸಾಂದ್ರತೆಯ ದ್ರಾವಣಗಳಿದ್ದರೆ, ತಿಳಿಯಾದ ಕಡೆಯಿಂದ ಗಾಢವಾದ ಕಡೆಗೆ ನೀರು ಹರಿಯುತ್ತದೆ. ಇದಕ್ಕೆ ಅಭಿಸರಣ ಎಂದು ಹೆಸರು. ಉಪ್ಪು ನೀರನ್ನು ‘ಎಳೆಯುತ್ತದೆ’ ಎಂದು ಹೇಳುವುದು ವಾಡಿಕೆಯಾದರೂ ನಿಜವಾಗಿ ಎಳೆಯುವ ಕೈ ಯಾವುದೂ ಇಲ್ಲ. ನೀರಿನ ಅಣುಗಳು ಎರಡು ಕಡೆಗಳಿಂದಲೂ ಪೊರೆಯನ್ನು ದಾಟುತ್ತಲೇ ಇರುತ್ತವೆ. ಉಪ್ಪು ಸೇರಿದ ಕಡೆ ನೀರಿನ ಪಾಲು ಕಡಿಮೆಯಾದುದರಿಂದ ಅಲ್ಲಿಂದ ಹಿಂದಿರುಗುವ ಅಣುಗಳ ಸಂಖ್ಯೆ ಕಡಿಮೆ. ಲೆಕ್ಕದ ಶಿಲ್ಕು ಗಾಢವಾದ ಕಡೆಗೆ ಬೀಳುತ್ತದೆ.

ಈ ಹರಿವನ್ನು ಒತ್ತಡದಿಂದ ಹಿಂದಕ್ಕೆ ತಿರುಗಿಸಲೂಬಹುದು. ೨೦೨೪ರ ಮಾರ್ಚಿ ತಿಂಗಳಲ್ಲಿ ಕೊಳವೆಬಾವಿಗಳು ಬತ್ತಿ, ದಕ್ಷಿಣ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಜನರು ಕೊಡ, ಕ್ಯಾನುಗಳನ್ನು ಹಿಡಿದು ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ಸಾಲುಗಟ್ಟಿ ನಿಂತದ್ದು ಎಲ್ಲರಿಗೂ ನೆನಪಿರಬಹುದು. ಆ ಘಟಕಗಳೊಳಗೆ ಸುರುಳಿ ಸುತ್ತಿಟ್ಟಿರುವುದೂ ಒಂದು ಪೊರೆಯೇ. ಗಡಸು ನೀರನ್ನು ಪಂಪಿನಿಂದ ಒತ್ತಿದಾಗ ನೀರು ಪೊರೆಯನ್ನು ದಾಟುತ್ತದೆ, ಲವಣಗಳು ಹಿಂದೆ ಉಳಿಯುತ್ತವೆ. ಈ ವಿಲೋಮ ಅಭಿಸರಣಕ್ಕೆ ತಕ್ಕ ಪೊರೆಯನ್ನು ೧೯೬೦ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಸಿಡ್ನಿ ಲೋಬ್ ಎಂಬುವರೂ ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಎಂಬುವರೂ ತಯಾರಿಸಿದರು. ಮನೆಗಳಲ್ಲಿರುವ ಇಂಥ ಸಣ್ಣ ಯಂತ್ರಗಳಲ್ಲಿ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರಿನಷ್ಟು ಚರಂಡಿಗೆ ಹೋಗುವುದುಂಟು. ನಮ್ಮ ಮೂತ್ರಪಿಂಡಗಳೊಡನೆ ಇದನ್ನು ಹೋಲಿಸಬೇಕು. ಅವು ದಿನಕ್ಕೆ ರಕ್ತದಿಂದ ಸುಮಾರು ೧೮೦ ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರನ್ನು ಮಾತ್ರ ಹೊರಕ್ಕೆ ಕಳುಹಿಸಿ, ಉಳಿದುದೆಲ್ಲವನ್ನೂ ರಕ್ತಕ್ಕೆ ಹಿಂದಿರುಗಿಸುತ್ತವೆ. ಯಂತ್ರದ ಪೊರೆಗೆ ಒತ್ತಡವೊಂದೇ ಗತಿ. ಜೀವಕೋಶದ ಪೊರೆಗೆ ಬೇರೆ ಉಪಾಯಗಳಿವೆ.

ಆ ಪೊರೆಯ ರಚನೆ ಎಂಥದು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜ್ಯೂರಿಚ್ ನಗರದಲ್ಲಿದ್ದ ಅರ್ನೆಸ್ಟ್ ಓವರ್ಟನ್ ಎಂಬುವರು ನೂರಾರು ಪದಾರ್ಥಗಳನ್ನು ಪರೀಕ್ಷಿಸಿ, ಎಣ್ಣೆಯಲ್ಲಿ ಕರಗುವ ವಸ್ತುಗಳು ಕೋಶದೊಳಕ್ಕೆ ಬೇಗ ಹೋಗುತ್ತವೆಂದು ಕಂಡುಕೊಂಡರು. ಹಾಗಾದರೆ ಪೊರೆಯೂ ಕೊಬ್ಬಿನ ಜಾತಿಯದೇ ಆಗಿರಬೇಕು. ೧೯೨೫ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬುವರು ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಕಣಗಳ ಮೇಲ್ಮೈಗಿಂತ ಎರಡರಷ್ಟು ಜಾಗವನ್ನು ಆವರಿಸಿತು. ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಪದರಗಳಾಗಿ, ನೀರನ್ನು ಒಲ್ಲದ ಬಾಲಗಳನ್ನು ಒಳಕ್ಕೆ ಮಡಿಸಿಕೊಂಡು ನಿಂತಿವೆಯೆಂದು ಇದರಿಂದ ತಿಳಿಯಿತು. ೧೯೭೨ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಎಂಬುವರು ಈ ಚಿತ್ರವನ್ನು ತಿದ್ದಿ, ಪದರವು ದ್ರವದಂತೆ ಹರಿದಾಡುತ್ತಿದ್ದು ಅದರಲ್ಲಿ ಪ್ರೋಟೀನ್ ಅಣುಗಳು ತೇಲುತ್ತಿರುತ್ತವೆಂದು ತೋರಿಸಿದರು. ಇಷ್ಟೆಲ್ಲ ಸೇರಿದರೂ ದಪ್ಪ ಏಳೆಂಟು ನ್ಯಾನೊಮೀಟರ್ ಮಾತ್ರ. ಈ ಪತ್ರಿಕೆಯ ಒಂದು ಹಾಳೆಯಷ್ಟು ದಪ್ಪವಾಗಬೇಕಾದರೆ ಹತ್ತು ಸಾವಿರಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು.

ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮುಂತಾದ ಸಣ್ಣ ಅಣುಗಳು ಈ ಕೊಬ್ಬಿನ ನಡುವೆಯೇ ನುಸುಳಿಹೋಗುತ್ತವೆ. ಇದು ವಿಸರಣ. ಆದರೆ ಸೋಡಿಯಂ, ಪೊಟ್ಯಾಸಿಯಂಗಳಂಥ ವಿದ್ಯುದಂಶವುಳ್ಳ ಅಯಾನುಗಳಿಗೂ ಗ್ಲೂಕೋಸಿಗೂ ಕೊಬ್ಬಿನ ಗೋಡೆಯನ್ನು ದಾಟಲು ಬಾಗಿಲು ಬೇಕು. ಪ್ರೋಟೀನ್ ಅಣುಗಳೇ ಆ ಬಾಗಿಲುಗಳು. ನೀರು ಕೂಡ ಬರಿಯ ಕೊಬ್ಬಿನ ಮೂಲಕ ನಿಧಾನವಾಗಿ ಮಾತ್ರ ಹಾಯಬಲ್ಲುದು. ಅದಕ್ಕಾಗಿಯೇ ಬೇರೆ ಕಾಲುವೆಗಳಿವೆ. ೧೯೯೨ರಲ್ಲಿ ಅಮೆರಿಕದ ಪೀಟರ್ ಆಗ್ರೆ ಎಂಬುವರು ಇವನ್ನು ಗುರುತಿಸಿ, ೨೦೦೩ರಲ್ಲಿ ನೊಬೆಲ್ ಪಾರಿತೋಷಕದ ಒಂದು ಪಾಲನ್ನು ಪಡೆದರು. ಇಂಥ ಒಂದೇ ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು ಮುನ್ನೂರು ಕೋಟಿ ನೀರಿನ ಅಣುಗಳು ಸಾಲಾಗಿ ಸಾಗುತ್ತವೆ.

ಇಷ್ಟರವರೆಗೆ ನೋಡಿದುದೆಲ್ಲ ಇಳಿಜಾರಿನ ಪಯಣ. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹೋಗಲು ಖರ್ಚಿಲ್ಲ. ಆದರೆ ರಕ್ತದ ಒಂದು ಲೀಟರ್ ದ್ರವಭಾಗದಲ್ಲಿ ಸುಮಾರು ೧೪೫ ಮಿಲಿಮೋಲ್ ಸೋಡಿಯಂ ಇದ್ದರೆ, ಸ್ನಾಯುಕೋಶದ ಒಳಗೆ ಇರುವುದು ೧೨ರಷ್ಟು. ಪೊಟ್ಯಾಸಿಯಂ ಇದಕ್ಕೆ ವಿಪರೀತ. ಒಳಗೆ ೧೪೦, ಹೊರಗೆ ೪. ಬಾಗಿಲು ತೆರೆದಿದ್ದರೆ ಇವು ಸಮನಾಗಬೇಕಿತ್ತು. ಬದುಕಿರುವವರೆಗೂ ಸಮನಾಗುವುದಿಲ್ಲವೆಂದ ಮೇಲೆ, ಸೋರಿ ಬಂದದ್ದನ್ನು ಯಾರೋ ಎತ್ತಿ ಹೊರಕ್ಕೆ ಹಾಕುತ್ತಿರಬೇಕು.

ಎತ್ತುವ ಕೆಲಸವೆಂದರೇನೆಂಬುದು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರಬೇಕು. ಜಯನಗರದ ನಲ್ಲಿಯಲ್ಲಿ ಬರುವ ಕಾವೇರಿಯ ನೀರು ತಾನಾಗಿ ಹರಿದುಬಂದದ್ದಲ್ಲ. ಶಿವನಸಮುದ್ರದ ಬಳಿ ನದಿಯ ಪಾತ್ರವು ನಗರಕ್ಕಿಂತ ಬಹಳ ತಗ್ಗಿನಲ್ಲಿದೆ. ೧೯೭೪ರಲ್ಲಿ ಮೊದಲ ಹಂತದ ಯೋಜನೆ ಮುಗಿದಂದಿನಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಸ್ಥಳಗಳಲ್ಲಿ ಪಂಪುಗಳು ನೀರನ್ನು ಒಟ್ಟು ಸುಮಾರು ೫೦೦ ಮೀಟರಿನಷ್ಟು ಮೇಲಕ್ಕೆ ನೂಕಿ, ನೂರು ಕಿಲೋಮೀಟರಿನಷ್ಟು ದೂರದಿಂದ ತಂದು ಮುಟ್ಟಿಸುತ್ತಿವೆ. ಜಲಮಂಡಲಿಯ ವೆಚ್ಚದಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. ಜೀವಕೋಶದ ಸ್ಥಿತಿಯೂ ಹೀಗೆಯೇ. ೧೯೫೭ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಎಂಬುವರು ಏಡಿಯ ನರಗಳನ್ನು ಪರೀಕ್ಷಿಸುತ್ತ ಕೋಶದ ಪಂಪನ್ನು ಪತ್ತೆ ಮಾಡಿದರು. ಈ ಪ್ರೋಟೀನು ಒಂದು ಸಾರಿ ಮಗುಚಿಕೊಂಡಾಗ ಮೂರು ಸೋಡಿಯಂ ಅಯಾನುಗಳು ಹೊರಕ್ಕೂ ಎರಡು ಪೊಟ್ಯಾಸಿಯಂ ಅಯಾನುಗಳು ಒಳಕ್ಕೂ ಹೋಗುತ್ತವೆ, ಒಂದು ಎ.ಟಿ.ಪಿ. ಅಣು ಖರ್ಚಾಗುತ್ತದೆ. ನಾವು ಸುಮ್ಮನೆ ಮಲಗಿರುವಾಗಲೂ ದೇಹದ ಶಕ್ತಿಯಲ್ಲಿ ಐದರಲ್ಲೊಂದು ಪಾಲಿನಷ್ಟು ಈ ಪಂಪಿಗೇ ಸಲ್ಲುತ್ತದೆ. ಇದು ದುಂದುಗಾರಿಕೆಯಲ್ಲ. ಪಂಪು ನಿಂತರೆ ಸೋಡಿಯಂ ಒಳಗೆ ತುಂಬಿಕೊಳ್ಳುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ. ಗಿಡಗಳ ಕೋಶಗಳಿಗಾದರೋ ಪೊರೆಯ ಹೊರಗೆ ಗಟ್ಟಿಯಾದ ಗೋಡೆಯುಂಟು. ಪ್ರಾಣಿಕೋಶಕ್ಕೆ ಅದಿಲ್ಲವಾದ್ದರಿಂದ ಅದು ಉಬ್ಬಿ ಒಡೆಯಬೇಕಾಗುತ್ತದೆ.

ಪಂಪಿಗೆ ಶಕ್ತಿಯನ್ನು ಒದಗಿಸುವ ಎ.ಟಿ.ಪಿ. ಎಂದರೆ ಅಡಿನೋಸಿನ್ ಟ್ರೈಫಾಸ್ಫೇಟ್. ಇದನ್ನು ೧೯೨೯ರಲ್ಲಿ ಜರ್ಮನಿಯಲ್ಲಿ ಲೋಹ್‌ಮನ್ ಎಂಬುವರೂ, ಅದೇ ಕಾಲದಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಎಂಬುವರೂ ಸ್ನಾಯುಗಳಿಂದ ಬೇರ್ಪಡಿಸಿದರು. ಸುಬ್ಬರಾವ್ ಆಂಧ್ರದ ಭೀಮವರದಲ್ಲಿ ಹುಟ್ಟಿದವರು. ನಮ್ಮ ಪಠ್ಯಪುಸ್ತಕಗಳು ಎ.ಟಿ.ಪಿ.ಯನ್ನು ಪುಟಗಟ್ಟಲೆ ವರ್ಣಿಸಿದರೂ ಅವರ ಹೆಸರನ್ನು ಸಾಮಾನ್ಯವಾಗಿ ಮರೆಯುತ್ತವೆ. ದೇಹದಲ್ಲಿ ಯಾವ ಗಳಿಗೆಯಲ್ಲಿ ತೂಗಿದರೂ ಈ ಪದಾರ್ಥ ಕಾಲು ಕಿಲೋಗ್ರಾಮಿಗಿಂತ ಕಡಿಮೆ. ಆದರೆ ದಿನವೊಂದಕ್ಕೆ ಖರ್ಚಾಗಿ ಮತ್ತೆ ಹುಟ್ಟುವ ಎ.ಟಿ.ಪಿ. ಹೆಚ್ಚು ಕಡಮೆ ನಮ್ಮ ಮೈತೂಕದಷ್ಟು!

ಅದು ಹುಟ್ಟುವ ರೀತಿಯನ್ನು ತಿಳಿಯಲು ಶಿವನಸಮುದ್ರಕ್ಕೇ ಹಿಂದಿರುಗಬೇಕು. ನಗರಕ್ಕಾಗಿ ಕಷ್ಟಪಟ್ಟು ಮೇಲೆತ್ತುವ ಅದೇ ಕಾವೇರಿ ಅಲ್ಲಿ ಕೆಳಕ್ಕೆ ಧುಮುಕುತ್ತ, ೧೯೦೨ರಿಂದ ಕೋಲಾರದ ಚಿನ್ನದ ಗಣಿಗಳಿಗೂ ೧೯೦೫ರಿಂದ ಬೆಂಗಳೂರಿಗೂ ವಿದ್ಯುತ್ತನ್ನು ಕೊಟ್ಟಿತು. ಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಕಣಗಳಲ್ಲಿಯೂ ಇಂಥದೊಂದು ಅಣೆಕಟ್ಟು ಇದೆ. ಗ್ಲೂಕೋಸ್ ಮುಂತಾದ ಆಹಾರಾಂಶಗಳು ಹಂತಹಂತವಾಗಿ ಉತ್ಕರ್ಷಣ ಹೊಂದುವಾಗ ಹೊರಬೀಳುವ ಶಕ್ತಿಯು ನೇರವಾಗಿ ಎ.ಟಿ.ಪಿ.ಯನ್ನು ಮಾಡುವುದಿಲ್ಲ, ಅದರ ಬಹುಭಾಗವು ಒಳಪೊರೆಯ ಆಚೆಗೆ ಪ್ರೋಟಾನುಗಳನ್ನು ನೂಕಿ ಶೇಖರಿಸುತ್ತದೆ. ಪೊರೆಯ ಎರಡು ಬದಿಗಳ ನಡುವಿನ ವಿದ್ಯುದಂತರ ಒಂದೂವರೆ ದಶಾಂಶ ವೋಲ್ಟು, ಎಂದರೆ ೦.೧೫ರಷ್ಟೇ. ಅತ್ಯಲ್ಪವೆನ್ನಬೇಡಿ. ಪೊರೆಯ ತೆಳುವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಮೀಟರಿಗೆ ಮೂರು ಕೋಟಿ ವೋಲ್ಟಾಗುತ್ತದೆ. ಒಣಗಾಳಿಯಲ್ಲಿ ಕಿಡಿ ಹಾರಲು ಅದರ ಹತ್ತರಲ್ಲೊಂದು ಪಾಲು ಸಾಕು. ಹೀಗೆ ಕಟ್ಟಿನಿಂತ ಪ್ರೋಟಾನುಗಳು ಒಂದು ಪ್ರೋಟೀನ್ ಯಂತ್ರದ ಮೂಲಕ ಒಳಕ್ಕೆ ಇಳಿಯುವಾಗ ಅದರ ಒಂದು ಭಾಗವು ನಿಜವಾಗಿಯೂ ಚಕ್ರದಂತೆ ತಿರುಗುತ್ತದೆ. ಪ್ರತಿ ಸುತ್ತಿಗೆ ಮೂರು ಎ.ಟಿ.ಪಿ. ಅಣುಗಳು ಸಿದ್ಧವಾಗುತ್ತವೆ. ೧೯೬೧ರಲ್ಲಿ ಇಂಗ್ಲೆಂಡಿನ ಪೀಟರ್ ಮಿಚೆಲ್ ಇದನ್ನು ಸೂಚಿಸಿದಾಗ ಬಹಳ ಮಂದಿ ವಿದ್ವಾಂಸರು ಒಪ್ಪಲಿಲ್ಲ. ೧೯೭೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಒಂದು ಗ್ಲೂಕೋಸ್ ಅಣುವಿನಿಂದ ೩೬ ಅಥವಾ ೩೮ ಎ.ಟಿ.ಪಿ. ಎಂದು ಹಳೆಯ ಪುಸ್ತಕಗಳಲ್ಲಿ ಓದಿದವರು ಈಗ ೩೦ರಿಂದ ೩೨ ಎಂಬುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಮೈಟೊಕಾಂಡ್ರಿಯದೊಳಕ್ಕೆ ಕಚ್ಚಾಮಾಲನ್ನು ತರುವುದಕ್ಕೂ ಸಿದ್ಧವಾದ ಎ.ಟಿ.ಪಿ.ಯನ್ನು ಹೊರಕ್ಕೆ ಸಾಗಿಸುವುದಕ್ಕೂ ಅಣೆಕಟ್ಟಿನ ಪ್ರೋಟಾನುಗಳಲ್ಲೇ ಒಂದು ಪಾಲು ಖರ್ಚಾಗುತ್ತದೆ. ಹೊಸ್ತಿಲನ್ನು ದಾಟಿಸುವ ಈ ಬಾಡಿಗೆಯನ್ನು ಹಳೆಯ ಲೆಕ್ಕದಲ್ಲಿ ಹಿಡಿದಿರಲಿಲ್ಲ.

ಗ್ಲೂಕೋಸಿನ ಪ್ರವೇಶವನ್ನು ಇನ್ನಷ್ಟು ವಿಚಾರಿಸೋಣ. ನಮ್ಮ ರಕ್ತದಲ್ಲೆಲ್ಲ ಕರಗಿರುವ ಗ್ಲೂಕೋಸನ್ನು ಕೂಡಿಸಿದರೆ ಒಂದು ಚಮಚೆ, ಸುಮಾರು ಐದು ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿರುವ ಪಿಷ್ಟವಾದರೋ ಅರವತ್ತು ಗ್ರಾಮಿನಷ್ಟು. ಅದೆಲ್ಲ ಜೀರ್ಣವಾಗಿ ರಕ್ತಕ್ಕೆ ಬರುವಾಗ ಅಲ್ಲಿಯೇ ನಿಲ್ಲದಂತೆ ಬೇರೆಡೆಗೆ ಹೋಗಬೇಕು. ಆಗ ಇನ್ಸುಲಿನ್ ಸ್ರವಿಸುತ್ತದೆ. ಸ್ನಾಯುಕೋಶದೊಳಗೆ ಚಿಕ್ಕ ಚಿಕ್ಕ ಗುಳ್ಳೆಗಳಲ್ಲಿ ಹುದುಗಿರುವ ಗ್ಲೂಕೋಸಿನ ಬಾಗಿಲುಗಳು ಇನ್ಸುಲಿನ್ ತಂದ ಸೂಚನೆಯಿಂದ ಮೇಲಕ್ಕೆ ಬಂದು ಪೊರೆಗೆ ಜೋಡಣೆಯಾಗುತ್ತವೆ. ಒಳಕ್ಕೆ ಬಂದ ಗ್ಲೂಕೋಸಿಗೆ ತಕ್ಷಣವೇ ಒಂದು ಫಾಸ್ಫೇಟು ಅಂಟಿಕೊಳ್ಳುತ್ತದೆ. ಈ ಮೊಹರು ಬಿದ್ದಮೇಲೆ ಅದು ಬಂದ ಬಾಗಿಲಿನಿಂದ ಹಿಂದಿರುಗಲಾರದು. ಮೊಹರನ್ನು ಕಿತ್ತು ಗ್ಲೂಕೋಸನ್ನು ಮತ್ತೆ ರಕ್ತಕ್ಕೆ ಬಿಡುವ ಕಿಣ್ವ ಯಕೃತ್ತಿನಲ್ಲಿದೆ, ಸ್ನಾಯುವಿನಲ್ಲಿಲ್ಲ. ಸಾಗಾಣಿಕೆ ಎಲ್ಲಿ ಮುಗಿಯಿತು, ಚಯಾಪಚಯ ಕ್ರಿಯೆ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಇಲ್ಲಿ ಕಷ್ಟ.

ಸಕ್ಕರೆ ಕಾಯಿಲೆಯವರಲ್ಲಿ ಅನೇಕರಿಗೆ ಇನ್ಸುಲಿನ್ನಿನ ಸೂಚನೆ ಕೋಶಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಆದರೆ ಸ್ನಾಯು ದುಡಿಯುವಾಗ ಅದೇ ಬಾಗಿಲುಗಳು ಇನ್ಸುಲಿನ್ನಿನ ಸೂಚನೆಯಿಲ್ಲದೆಯೂ ಪೊರೆಗೆ ಬರುತ್ತವೆ. ಬೆಳಗಿನ ಹೊತ್ತು ಲಾಲ್‌ಬಾಗಿನ ಬಂಡೆಯನ್ನು ಸುತ್ತುವ ಹಿರಿಯರಿಗೆ ವೈದ್ಯರು ನಡೆಯಿರೆಂದು ಹೇಳುವುದು ಹೊಟ್ಟೆ ಕರಗಲೆಂದು ಮಾತ್ರವಲ್ಲ.

ಬಾಗಿಲುಗಳನ್ನು ಗುಳ್ಳೆಗಳಲ್ಲಿ ಸಾಗಿಸುವಂತೆಯೇ, ದೊಡ್ಡ ವಸ್ತುಗಳನ್ನು ಪೊರೆಯೇ ಒಳಕ್ಕೆ ಚೀಲದಂತೆ ಬಾಗಿ ನುಂಗುವುದೂ ಉಂಟು. ಈ ವಿಷಯದಲ್ಲಿ ನಗರದ ಉತ್ತರಕ್ಕಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರೂ ಅವರ ಸಂಗಡಿಗರೂ ನಡೆಸಿದ ಸಂಶೋಧನೆಗಳು ಜಗತ್ತಿನ ವಿಜ್ಞಾನಿಗಳ ಗಮನವನ್ನು ಸೆಳೆದಿವೆ. ಅದನ್ನು ಇನ್ನೊಮ್ಮೆ ವಿವರಿಸಬೇಕಾದೀತು.

ಈಗ ಕರುಳಿಗೆ ಬರೋಣ. ಸಣ್ಣಕರುಳಿನ ಒಳಗೋಡೆಯ ಕೋಶಗಳಲ್ಲಿ ವಿಶೇಷವಾದ ಒಂದು ಬಾಗಿಲಿದೆ. ಎರಡು ಸೋಡಿಯಂ ಅಯಾನುಗಳು ಜೊತೆಗೂಡಿ ಬಂದರೆ ಮಾತ್ರ ಅದು ಒಂದು ಗ್ಲೂಕೋಸನ್ನು ಒಳಕ್ಕೆ ಬಿಡುತ್ತದೆ. ಪಂಪು ಸೋಡಿಯಮ್ಮನ್ನು ಸದಾ ಹೊರಹಾಕುತ್ತಿರುವುದರಿಂದ ಸೋಡಿಯಂ ಒಳಕ್ಕೆ ಇಳಿಯಲು ಹವಣಿಸುತ್ತಿರುತ್ತದೆ. ಇಳಿಯುವಾಗ ಗ್ಲೂಕೋಸನ್ನೂ ಎಳೆದುಕೊಂಡು ಹೋಗುತ್ತದೆ. ಇವೆರಡರ ಹಿಂದೆ ಅಭಿಸರಣದಿಂದ ನೀರು ಹೋಗುತ್ತದೆ. ಈ ಜೋಡಿ ಪ್ರವೇಶವನ್ನು ರಾಬರ್ಟ್ ಕ್ರೇನ್ ಎಂಬುವರು ೧೯೬೦ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮೊದಲು ಸೂಚಿಸಿದರು. ಆಗ ಅದು ಕೇವಲ ಪಂಡಿತರ ವಿಷಯವೆಂದು ತೋರಿರಬೇಕು.

ಹಿಂದಿನ ವರ್ಷವೇ ಕಲ್ಕತ್ತೆಯಲ್ಲಿ ಶಂಭುನಾಥ ದೇ ಎಂಬುವರು ಮೊಲದ ಕರುಳಿನ ಮೇಲೆ ಪ್ರಯೋಗ ನಡೆಸಿ, ಕಾಲರಾ ರೋಗಾಣು ಸ್ರವಿಸುವ ವಿಷವೇ ಭೇದಿಗೆ ಕಾರಣವೆಂದು ಸ್ಥಾಪಿಸಿದ್ದರು. ಆ ವಿಷವು ಕರುಳಿನ ಕೋಶಗಳಲ್ಲಿ ಕ್ಲೋರೈಡ್ ಅಯಾನಿನ ಬಾಗಿಲುಗಳನ್ನು ಮುಚ್ಚದಂತೆ ತೆರೆದಿಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅವುಗಳ ಹಿಂದೆ ನೀರು ಕರುಳಿಗೆ ಸುರಿಯುತ್ತವೆ. ಉಲ್ಬಣಿಸಿದಾಗ ಗಂಟೆಗೆ ಒಂದು ಲೀಟರಿನವರೆಗೂ ನೀರು ನಷ್ಟವಾಗುವುದುಂಟು. ರೋಗಿಯನ್ನು ಕೊಲ್ಲುವುದು ಈ ನೀರಿನ ನಷ್ಟ. ಕೋಸಂಬರಿಯ ಸೌತೆ ಸೊರಗಿದಂತೆ ಮೈ ಸೊರಗುತ್ತದೆ. ಕಣ್ಣು ಗುಳಿಬೀಳುತ್ತದೆ, ಚರ್ಮವನ್ನು ಚಿವುಟಿದರೆ ಹಾಗೆಯೇ ನಿಲ್ಲುತ್ತದೆ. ಬರಿಯ ನೀರನ್ನು ಕುಡಿಸಿದರೆ ಅದು ರಕ್ತಕ್ಕೆ ಸಾಕಷ್ಟು ಸೇರುವುದಿಲ್ಲ. ಸೇರಿದರೂ ಕಳೆದುಹೋದ ಲವಣ ಹಿಂದಿರುಗುವುದಿಲ್ಲ. ಆದರೆ ಕ್ಲೋರೈಡಿನ ಬಾಗಿಲು ಕೆಟ್ಟಿದ್ದರೂ ಸೋಡಿಯಂ–ಗ್ಲೂಕೋಸಿನ ಜೋಡಿಬಾಗಿಲು ಕೆಟ್ಟಿರುವುದಿಲ್ಲ! ಉಪ್ಪನ್ನೂ ಸಕ್ಕರೆಯನ್ನೂ ಒಟ್ಟಿಗೆ ಕೊಟ್ಟರೆ ಆ ದಾರಿಯಿಂದ ನೀರು ಒಳಗೆ ಹೋಗಬೇಕಷ್ಟೆ.

೧೯೬೮ರಲ್ಲಿ ಢಾಕಾ ನಗರದ ಆಸ್ಪತ್ರೆಯಲ್ಲಿ ಇದು ಸಾಧ್ಯವೆಂದು ಸಿದ್ಧವಾಯಿತು. ೧೯೭೧ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆ ಬಂಗಾಳದ ಗಡಿಯನ್ನು ದಾಟಿ ಬಂದಾಗ ಬನಗಾಂವಿನ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಲವಣದ್ರಾವಣ ಮುಗಿದುಹೋಯಿತು. ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಗ್ಲೂಕೋಸು ಮತ್ತು ಲವಣಗಳನ್ನು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ ಕುಡಿಸುವಂತೆ ರೋಗಿಗಳ ಮನೆಯವರಿಗೇ ಹೇಳಿಕೊಟ್ಟರು. ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ೨೦೨೨ರಲ್ಲಿ ಅವರು ತೀರಿಕೊಂಡ ಮೇಲೆ, ೨೦೨೩ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯನ್ನು ಘೋಷಿಸಲಾಯಿತು.

ಇಂದು ಔಷಧದ ಅಂಗಡಿಗಳಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣದ ಪಾಕವನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೦೨ರಲ್ಲಿ ತಿದ್ದಿತು. ಒಂದು ಲೀಟರ್ ನೀರಿಗೆ ಗ್ಲೂಕೋಸ್ ೧೩.೫ ಗ್ರಾಂ, ಅಡಿಗೆಯ ಉಪ್ಪು ೨.೬ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ. ಅಣುಗಳ ಲೆಕ್ಕದಲ್ಲಿ ಗ್ಲೂಕೋಸ್ ೭೫ ಮಿಲಿಮೋಲ್, ಸೋಡಿಯಂ ಕೂಡ ೭೫ ಮಿಲಿಮೋಲ್. ಒಟ್ಟು ದ್ರಾವಣವು ರಕ್ತಕ್ಕಿಂತ ಸ್ವಲ್ಪ ತಿಳಿ. ಆದುದರಿಂದ ಅಭಿಸರಣವೂ ಒಳಮುಖವಾಗಿಯೇ ಇರುತ್ತದೆ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಚಮಚೆ ಎಂದರೆ ಐದು ಮಿಲಿಲೀಟರಿನದು. ಉಪ್ಪು ಹೆಚ್ಚಾದರೆ ಅಪಾಯ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚೆಚಮಚೆಯಾಗಿ ಕುಡಿಸಬೇಕು. ಮಗು ಮಂಕಾಗಿ ಕುಡಿಯಲಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯಬೇಕು. ಭೇದಿಯಾಗುವಾಗ ನೀರು ಕೊಟ್ಟರೆ ಇನ್ನಷ್ಟು ಹೋಗುತ್ತದೆಂದು ಹೆದರಿ ಕುಡಿಯುವುದನ್ನೇ ನಿಲ್ಲಿಸುವ ಮನೆಗಳು ಈಗಲೂ ಇವೆ; ಇಷ್ಟು ಅನರ್ಥಕಾರಿಯಾದ ತಿಳಿವಳಿಕೆ ಮತ್ತೊಂದಿಲ್ಲ.

ಉಪ್ಪು ಹಾಕಿದ ಅಕ್ಕಿಯ ಗಂಜಿಯೂ ಒಳ್ಳೆಯದೇ. ಪಿಷ್ಟದ ಅಣು ದೊಡ್ಡದಾದುದರಿಂದ ಅದು ಕರುಳಿನಲ್ಲಿ ನೀರನ್ನು ಹಿಡಿದಿಡುವುದು ಕಡಿಮೆ. ಒಡೆದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಗ್ಲೂಕೋಸನ್ನು ಒದಗಿಸುತ್ತದೆ. ರಾಮನವಮಿಯ ಪಾನಕವನ್ನೂ ಸೀಸೆಗಳಲ್ಲಿ ಬರುವ ತಂಪುಪಾನೀಯಗಳನ್ನೂ ಭೇದಿಯವರಿಗೆ ಕೊಡಬಾರದು. ಅವುಗಳಲ್ಲಿ ಸಕ್ಕರೆ ಬೆಲ್ಲಗಳು ಅತಿಯಾಗಿ, ಉಪ್ಪು ತೀರ ಕಡಿಮೆ. ಕರುಳಿನೊಳಗಿನ ದ್ರವವು ರಕ್ತಕ್ಕಿಂತ ಗಾಢವಾಗಿ, ನೀರು ಒಳಕ್ಕೆ ಹೋಗುವ ಬದಲು ರಕ್ತದಿಂದಲೇ ಕರುಳಿಗೆ ಇಳಿಯುತ್ತದೆ.